ಚೌಕಳಿ ಕೋಟಿನ ಸಂಸಾರಸ್ಥ



ಮುಂಬಯಿಯ ಕನ್ನಡಿಗರ ಮುಂದೆ ನಡೆಯುತ್ತಿರುವ ಈ ಉಪನ್ಯಾಸ, ಒಬ್ಬ ತಂದೆಯ ನೆನಪಿಗೆ ಮಕ್ಕಳು ಇಟ್ಟ ದತ್ತಿಯದು. ಆ ತಂದೆ ಪುಸ್ತಕ ಬರೆದವರಲ್ಲ, ವೇದಿಕೆ ಹತ್ತಿದವರೂ ಅಲ್ಲ. ಬೆಳಗಿನ ಲೋಕಲ್ ಹಿಡಿದು ದುಡಿಯಲು ಹೋಗಿ, ರಾತ್ರಿ ಮನೆಗೆ ಬಂದು, ದಿನವಿಡೀ ಕಂಡವರ ನಡೆನುಡಿಯನ್ನು ಅಭಿನಯಿಸಿ ತೋರಿಸಿ, ಮನೆಮಂದಿಯನ್ನೆಲ್ಲ ನಗಿಸಿದ ಮೇಲೇ ತಟ್ಟೆಯ ಮುಂದೆ ಕೂರುತ್ತಿದ್ದವರು. ಉಪನ್ಯಾಸದ ವಿಷಯ ಏನಿರಲಿ ಎಂದು ಕೇಳಿದಾಗ ಮಕ್ಕಳು ಹೇಳಿದ್ದು ಇಷ್ಟೇ: ದೊಡ್ಡ ಸಿದ್ಧಾಂತ ಬೇಡ, ದುಡಿಯುತ್ತಲೇ ನಗಿಸಿದ ಯಾರಾದರೊಬ್ಬರ ಬದುಕನ್ನು ಹೇಳಿ, ಅಪ್ಪನಿಗೆ ಅದೇ ಹಿಡಿಸುತ್ತಿತ್ತು. ಹಾಗೆ ಕೇಳಿದ ತಕ್ಷಣ ನನಗೆ ಹೊಳೆದ ಹೆಸರು ಒಂದೇ. ಮೈಸೂರಿನಲ್ಲಿ ಹುಟ್ಟಿ, ಈ ಊರಿನ ಬೋರಿಬಂದರಿನಲ್ಲಿ ಐದು ದಶಕಕ್ಕೂ ಹೆಚ್ಚು ಕಾಲ ಮೇಜಿನ ಮುಂದೆ ಕೂತು ಗೆರೆ ಎಳೆದ ರಾಶಿಪುರಂ ಕೃಷ್ಣಸ್ವಾಮಿ ಲಕ್ಷ್ಮಣ್.

ಆರ್.ಕೆ. ಲಕ್ಷ್ಮಣ್ ಎಂದರೆ ವ್ಯಂಗ್ಯಚಿತ್ರ, ವ್ಯಂಗ್ಯಚಿತ್ರ ಎಂದರೆ ರಾಜಕೀಯ ಎಂದು ಮಾತು ಮುಗಿಸುವುದು ನಮಗೆ ಅಭ್ಯಾಸವಾಗಿದೆ. ನಾನು ಇವತ್ತು ಅವರನ್ನು ಬೇರೆ ಕಡೆಯಿಂದ ನೋಡಬೇಕೆಂದಿದ್ದೇನೆ. ಹುಡುಗನಾಗಿದ್ದಾಗ ಎಲ್ಲರಲ್ಲೂ ಇರುವ ತುಂಟತನ ಮೀಸೆ ಬಂದಂತೆ ಜಾರಿಹೋಗುತ್ತದೆ. ಸಂಸಾರ, ಬಾಡಿಗೆ, ಮಕ್ಕಳ ಫೀಸು ಅದನ್ನು ಹಿಂಡಿ ತೆಗೆಯುತ್ತವೆ. ಕೆಲವರಲ್ಲಿ ಮಾತ್ರ ಅದು ಎಂಬತ್ತು ದಾಟಿದರೂ ಉಳಿದಿರುತ್ತದೆ. ಲಕ್ಷ್ಮಣರಲ್ಲಿ ಅದು ಹೇಗೆ ಉಳಿಯಿತು ಎಂದು ಹುಡುಕಿದರೆ ಅಲ್ಲಿ ಕಾಣುವುದು ದಿನನಿತ್ಯದ ಕಠಿಣ ದುಡಿಮೆ. ಅವರ ತುಂಟತನವನ್ನು ಕಾಪಾಡಿದ್ದೇ ಆ ದುಡಿಮೆ ಎಂಬುದು ನನ್ನ ನಂಬಿಕೆ.

1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಆರು ಮಂದಿ ಗಂಡುಮಕ್ಕಳಲ್ಲಿ ಕೊನೆಯವರು. ತಂದೆ ಹೆಡ್‌ಮಾಸ್ಟರು. ಅಣ್ಣ, ಕಾದಂಬರಿಕಾರ ಆರ್.ಕೆ. ನಾರಾಯಣ್, ಇವರಿಗಿಂತ ಹದಿನೈದು ವರ್ಷ ದೊಡ್ಡವರು. ಮನೆಯ ತುಂಬ ಪುಸ್ತಕ, ಇಂಗ್ಲಿಷ್ ಪತ್ರಿಕೆಗಳು. ಅಕ್ಷರ ಕಲಿಯುವುದಕ್ಕೆ ಮೊದಲೇ ಈ ಹುಡುಗ ಅವುಗಳಲ್ಲಿನ ಚಿತ್ರಗಳನ್ನು ಓದತೊಡಗಿದ. ಆಮೇಲೆ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡಲಿಲ್ಲ, ತಂದೆಯನ್ನೂ ಬಿಡಲಿಲ್ಲ. ಶಾಲೆಯಲ್ಲಿ ಅರಳಿ ಎಲೆ ಬರೆಯಿರಿ ಎಂದು ಮೇಷ್ಟರು ಹೇಳಿದಾಗ ಇವನು ಬರೆದ ಎಲೆಯನ್ನು ಮೆಚ್ಚಿಕೊಂಡರಂತೆ. ಕಲಾವಿದ ಆಗಬೇಕು ಎಂಬ ಆಸೆಗೆ ಅದೇ ಮೊದಲ ನೀರು ಎಂದು ಲಕ್ಷ್ಮಣ್ ಮುದುಕರಾದ ಮೇಲೂ ನೆನೆಯುತ್ತಿದ್ದರು. ‘ದಿ ಹಿಂದೂ’ ಪತ್ರಿಕೆಯಲ್ಲಿ ಆಗಾಗ ಬರುತ್ತಿದ್ದ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳೆಂದರೆ ಪ್ರಾಣ. ಆದರೆ ‘ಲೋ’ ಎಂಬ ಸಹಿಯನ್ನು ಬಹಳ ದಿನ ‘ಕೌ’ ಎಂದು ಓದಿಕೊಂಡು, ಹಸುವಿನ ಹೆಸರಿನ ಆ ಮಹಾನುಭಾವ ಯಾರೋ ಎಂದುಕೊಂಡಿದ್ದನಂತೆ ಈ ಹುಡುಗ. ಅದೇ ಲೋ ಮುಂದೆ ಮುಂಬಯಿಗೆ ಬಂದಾಗ ಇವರನ್ನು ಭೇಟಿಯಾದರು.

ಬೀದಿಯ ಕ್ರಿಕೆಟ್ ತಂಡಕ್ಕೆ ಇವನೇ ಕ್ಯಾಪ್ಟನ್. ತಂಡದ ಹೆಸರು ‘ರಫ್ ಅಂಡ್ ಟಫ್ ಅಂಡ್ ಜಾಲಿ’. ಆ ಹೆಸರಿನಲ್ಲೇ ಹುಡುಗರ ಉತ್ಸಾಹವೆಲ್ಲ ಇದೆ. ಇವನ ಆಟಪಾಟಗಳನ್ನು ನೋಡುತ್ತ ಕೂತ ಅಣ್ಣ ನಾರಾಯಣ್ ಸುಮ್ಮನಿರಲಿಲ್ಲ. ‘ಡೋಡು ದಿ ಮನಿ ಮೇಕರ್’ ಮತ್ತು ‘ದಿ ರೀಗಲ್ ಕ್ರಿಕೆಟ್ ಕ್ಲಬ್’ ಎಂಬ ಎರಡು ಕಥೆಗಳು ತಮ್ಮನ ತುಂಟಾಟದಿಂದಲೇ ಹುಟ್ಟಿದವು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಕಥೆ ಮಾಡುತ್ತಾನೆ, ಆ ಕಥೆಗೆ ಮೊದಲನೆಯವನೇ ಚಿತ್ರ ಬರೆಯುತ್ತಾನೆ. ಆ ಮನೆಯಲ್ಲಿ ತುಂಟತನ ಒಬ್ಬನ ಸ್ವಂತದ್ದಾಗಿರಲಿಲ್ಲ, ಅವಿಭಕ್ತ ಕುಟುಂಬದ ಆಸ್ತಿಯಾಗಿತ್ತು.

ಇಲ್ಲಿ ಒಂದು ಮಾತನ್ನು ನಿಲ್ಲಿಸಿ ಹೇಳಬೇಕು. ತಂದೆಗೆ ಪಾರ್ಶ್ವವಾಯು ಬಡಿಯಿತು. ಸುಮಾರು ಒಂದು ವರ್ಷದಲ್ಲಿ ತೀರಿಕೊಂಡರು. ಲಕ್ಷ್ಮಣ್ ಇನ್ನೂ ಶಾಲೆಯ ಹುಡುಗ. ಮನೆಯ ಭಾರವನ್ನು ದೊಡ್ಡವರು ಹೊತ್ತರು. ಇವನ ಓದು ನಿಲ್ಲಲಿಲ್ಲ, ಚಿತ್ರ ನಿಲ್ಲಲಿಲ್ಲ, ಆಟವೂ ನಿಲ್ಲಲಿಲ್ಲ. ಕಿರಿಯನ ನಗುವಿಗೆ ಆ ಮನೆಯಲ್ಲಿ ಜಾಗ ಉಳಿಯಿತು ಎಂದರೆ ಅದರ ಬೆಲೆಯನ್ನು ಅಣ್ಣಂದಿರು ತೆತ್ತರು. ಈ ಸಭೆಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡದಿಂದ, ಉತ್ತರ ಕನ್ನಡದಿಂದ ಬಂದು ಫೋರ್ಟಿನ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಗೆ ತಮ್ಮನನ್ನು ಕಳಿಸಿದ ಅಣ್ಣಂದಿರ ಮನೆಗಳಿಂದಲೇ ನಮ್ಮಲ್ಲಿ ಬಹಳ ಮಂದಿ ಬಂದಿದ್ದೇವೆ. ತಮ್ಮ ವಕೀಲನಾದ, ಎಂಜಿನಿಯರನಾದ. ಅಣ್ಣ ಗಲ್ಲೆಯ ಹಿಂದೆಯೇ ಉಳಿದ. ನಾರಾಯಣ್ ಜಗತ್ತಿಗೆ ದೊಡ್ಡ ಕಾದಂಬರಿಕಾರರು. ತಮ್ಮನ ಬದುಕಿನಲ್ಲಿ ಅವರು ಮೊದಲು ಹೀಗೆ ಭಾರ ಹೊತ್ತ ಅಣ್ಣಂದಿರಲ್ಲಿ ಒಬ್ಬರು.

ಹೈಸ್ಕೂಲು ಮುಗಿದ ಮೇಲೆ ಲಕ್ಷ್ಮಣ್ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಅಲ್ಲಿ ಓದಲು ಬೇಕಾದ ಪ್ರತಿಭೆ ಈ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂದು ಉತ್ತರ ಬಂತು. ಹುಡುಗ ಕುಗ್ಗಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಸೇರಿದ. ಓದುತ್ತಲೇ ‘ಹಿಂದೂ’ವಿನಲ್ಲಿ ಬರುತ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆದ. ಕನ್ನಡ ಓದುಗರು ಹೆಮ್ಮೆಯಿಂದ ನೆನೆಯಬೇಕಾದದ್ದು ಇನ್ನೊಂದಿದೆ. ಬೆಂಗಳೂರಿನ ಮೆಜೆಸ್ಟಿಕ್ ಬಳಿ ದವಾಖಾನೆ ಇಟ್ಟಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಿಕವನ್ನು ಆರಂಭಿಸಿದರು. ಲಕ್ಷ್ಮಣರ ಗೆರೆಗಳು ಆ ಪುಟಗಳಲ್ಲಿ ಬಂದವು, ರಾಶಿಯವರು ಬೆನ್ನು ತಟ್ಟಿದರು. ಹಗಲೆಲ್ಲ ರೋಗಿಗಳ ನಾಡಿ ಹಿಡಿದು ರಾತ್ರಿ ನಗೆ ಬರೆಯುತ್ತಿದ್ದ ಆ ವೈದ್ಯರೂ ಇಂದಿನ ನಮ್ಮ ವಿಷಯಕ್ಕೆ ಸಲ್ಲುವವರೇ. ಅವರ ಬಗ್ಗೆ ಇನ್ನೊಂದು ದತ್ತಿ ಉಪನ್ಯಾಸವೇ ಆಗಬೇಕು.

ಮುಂಬಯಿಗೆ ಬಂದ ಲಕ್ಷ್ಮಣರಿಗೆ ಸಿಕ್ಕ ಮೊದಲ ಪೂರ್ಣಾವಧಿ ಕೆಲಸ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ. ಅದೇ ಕಚೇರಿಯಲ್ಲಿ ಇನ್ನೊಬ್ಬ ತರುಣ ವ್ಯಂಗ್ಯಚಿತ್ರಕಾರರಿದ್ದರು: ಬಾಳ ಠಾಕ್ರೆ. ಕಮ್ಯುನಿಸ್ಟರನ್ನು ಗೇಲಿ ಮಾಡಬೇಡ ಎಂದು ಮಾಲೀಕರು ಹೇಳಿದ್ದೇ ತಡ, ಲಕ್ಷ್ಮಣ್ ಎದ್ದು ಹೊರಬಿದ್ದು, ವಿಕ್ಟೋರಿಯಾ ಕುದುರೆಗಾಡಿ ಹತ್ತಿ ಬೋರಿಬಂದರಿನ ‘ಟೈಮ್ಸ್ ಆಫ್ ಇಂಡಿಯಾ’ ಕಟ್ಟಡಕ್ಕೆ ಹೋದರೆಂದು ಹೇಳುತ್ತಾರೆ. ಅಲ್ಲಿ ಕಲಾ ವಿಭಾಗದ ಮುಖ್ಯಸ್ಥರಾಗಿದ್ದವರು ವಾಲ್ಟರ್ ಲ್ಯಾಂಗ್‌ಹ್ಯಾಮರ್ ಎಂಬ ಆಸ್ಟ್ರಿಯಾದ ಚಿತ್ರಕಾರರು. ಅವರು ಈ ಹುಡುಗನಿಗೆ ಜಾಗ ಕೊಟ್ಟರು. ಪ್ರತಿಭೆ ಇಲ್ಲ ಎಂದ ಜೆ.ಜೆ. ಕಲಾಶಾಲೆ ಇರುವುದೂ ಅದೇ ದಾದಾಭಾಯಿ ನವರೋಜಿ ರಸ್ತೆಯಲ್ಲಿ, ಕೆಲವೇ ನಿಮಿಷದ ನಡಿಗೆ. ಮುಂದೊಂದು ದಿನ ಅದೇ ಶಾಲೆಯ ಸಮಾರಂಭಕ್ಕೆ ಅತಿಥಿಯಾಗಿ ಹೋದಾಗ ಲಕ್ಷ್ಮಣ್ ನಡೆದ ದಾರಿ ದೊಡ್ಡದು, ದೂರ ಮಾತ್ರ ಚಿಕ್ಕದು.

ಲಕ್ಷ್ಮಣರ ಚಿತ್ರಗಳಲ್ಲಿ ದಿನವೂ ಬರುತ್ತಿದ್ದ ‘ಶ್ರೀಸಾಮಾನ್ಯ’ ಎಂಬ ಪಾತ್ರ ಹುಟ್ಟಿದ್ದು ಹೇಗೆ ಎಂಬುದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದರಲ್ಲಿ ಈ ಮನುಷ್ಯನ ಕೆಲಸದ ಗುಟ್ಟು ಇದೆ. ಮೊದಮೊದಲು ಅವರು ದೇಶದ ಜನರನ್ನು ತೋರಿಸಲು ಗುಂಪುಗಳನ್ನೇ ಬರೆಯುತ್ತಿದ್ದರು. ಒಬ್ಬ ಬಂಗಾಳಿ, ಒಬ್ಬ ಪಂಜಾಬಿ, ಒಬ್ಬ ತಮಿಳ, ಒಬ್ಬೊಬ್ಬರಿಗೂ ಬೇರೆ ಬೇರೆ ಉಡುಪು, ಬೇರೆ ಬೇರೆ ಮುಂಡಾಸು. ಪತ್ರಿಕೆಯ ಗಡಿಯಾರ ಅಷ್ಟು ಹೊತ್ತು ಕಾಯುವುದಿಲ್ಲ. ಒಬ್ಬೊಬ್ಬರನ್ನೇ ಕೈಬಿಡುತ್ತ ಬಂದರು. ಕೊನೆಗೆ ಉಳಿದವನು ಒಬ್ಬನೇ: ಧೋತಿ, ಚೌಕಳಿ ಕೋಟು, ದುಂಡು ಕನ್ನಡಕ, ಪೊದೆ ಮೀಸೆ, ಬೋಳುತಲೆಯ ಅಂಚಿನಲ್ಲಿ ಗಾಳಿಗೆ ಹಾರುವ ನಾಲ್ಕು ಕೂದಲು. 1951ರಲ್ಲಿ ‘ಯು ಸೆಡ್ ಇಟ್’ ಎಂಬ ಪುಟ್ಟ ಚೌಕದಲ್ಲಿ ಅವನು ಮುಖಪುಟಕ್ಕೆ ಬಂದ. ಸಮಯ ಸಾಲದ್ದಕ್ಕೆ ಹುಟ್ಟಿದ ಪಾತ್ರ ಅದು. ಪುರುಸೊತ್ತಿದ್ದಿದ್ದರೆ ಲಕ್ಷ್ಮಣ್ ಇನ್ನೂ ಗುಂಪನ್ನೇ ಬರೆಯುತ್ತಿದ್ದರೋ ಏನೋ.

ಆ ಒಂದು ಕಾಲಮ್ಮಿನ ಚಿತ್ರವನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿ. ಗೆರೆಗಳು ಪೆನ್ನಿನವಲ್ಲ, ಕುಂಚದವು. ಒಂದೇ ಗೆರೆ ಹೊರಡುವಾಗ ತೆಳುವಾಗಿದ್ದು ತಿರುವಿನಲ್ಲಿ ದಪ್ಪವಾಗುತ್ತದೆ. ಸರ್ಕಾರಿ ಕಚೇರಿ ಬರೆದರೆ ಫೈಲಿನ ಗುಡ್ಡ, ಮೂಲೆಯಲ್ಲಿ ಜೇಡರ ಬಲೆ. ರಸ್ತೆ ಬರೆದರೆ ಅಗೆದು ಬಿಟ್ಟ ಗುಂಡಿ, ಅದರ ಪಕ್ಕದಲ್ಲಿ ಗುದ್ದಲಿಗೆ ಒರಗಿ ನಿಂತ ಕೂಲಿಯಾಳು. ಚಾಳು ಬರೆದರೆ ಗಾರೆ ಉದುರಿ ಇಟ್ಟಿಗೆ ಕಾಣುವ ಗೋಡೆ. ಮಂತ್ರಿಯ ಹೊಟ್ಟೆಗೆ ಕೊಟ್ಟಷ್ಟೇ ಗಮನವನ್ನು ಅವನ ಮೇಜಿನ ಮೇಲಿನ ಟೆಲಿಫೋನಿನ ವೈರಿಗೂ ಕೊಟ್ಟಿರುತ್ತಾರೆ. ಅಷ್ಟು ಚಿಕ್ಕ ಚಿತ್ರದಲ್ಲಿ, ಮರುದಿನ ರದ್ದಿಗೆ ಹೋಗುವ ಕಾಗದದಲ್ಲಿ, ಇಷ್ಟು ಕೆಲಸ ಯಾಕೆ? ಓದುಗ ತಾನು ನಿನ್ನೆ ಎಡವಿದ ಗುಂಡಿಯನ್ನೇ ಅಲ್ಲಿ ಗುರುತಿಸಬೇಕು. ಗುರುತಿಸಿದರೆ ಮಾತ್ರ ನಗುತ್ತಾನೆ. ಮುಂಬಯಿ ಮಹಾನಗರಪಾಲಿಕೆಯ ನೀರು, ಚರಂಡಿ, ಮಳೆಗಾಲದ ರಸ್ತೆಗಳನ್ನು ಇಷ್ಟು ವರ್ಷ ಇಷ್ಟು ಶ್ರದ್ಧೆಯಿಂದ ದಾಖಲಿಸಿದ ಚಿತ್ರಕಾರ ಇನ್ನೊಬ್ಬನಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ವರ್ಷಕ್ಕೆ ಮುನ್ನೂರು ಚಿತ್ರ ಎಂದು ಕಡಿಮೆ ಲೆಕ್ಕ ಹಿಡಿದರೂ ಐವತ್ತು ವರ್ಷಕ್ಕೆ ಹದಿನೈದು ಸಾವಿರ. ದೊಡ್ಡ ರಾಜಕೀಯ ಚಿತ್ರಗಳು ಬೇರೆ. ಬೆಳಗ್ಗೆ ಕಚೇರಿಗೆ ಬಂದು, ಪತ್ರಿಕೆಗಳನ್ನೆಲ್ಲ ಓದಿ, ಗಂಟೆಗಟ್ಟಲೆ ಒಂಟಿಯಾಗಿ ಯೋಚಿಸಿ, ಆಮೇಲೆ ಗೆರೆ ಹಾಕುತ್ತಿದ್ದರು. ನಗು ಬಂದಾಗ ಬರೆಯುತ್ತೇನೆ ಎಂದು ಕೂರುವ ಕಸುಬಲ್ಲ ಇದು. ಮನೆಯಲ್ಲಿ ಯಾರಿಗೋ ಜ್ವರ, ಊರಿನಲ್ಲಿ ಗಲಭೆ, ದೇಶದಲ್ಲಿ ಯುದ್ಧ, ಏನಿದ್ದರೂ ಸಂಜೆಯೊಳಗೆ ನಗು ತಯಾರಾಗಬೇಕು. ಬೆಳಗಿನ ಮೊದಲ ಲೋಕಲ್ಲಿನವರಿಗೆ ಇಡ್ಲಿ ಸಿದ್ಧವಾಗಿರಬೇಕೆಂದು ನಡುರಾತ್ರಿಗೇ ಎದ್ದು ಹಿಟ್ಟು ನೋಡುವ ನಮ್ಮ ಮಾಟುಂಗದ ಅಡುಗೆಭಟ್ಟರ ಶಿಸ್ತೇ ಅದು.

ಶ್ರೀಸಾಮಾನ್ಯ ಬಾಯಿ ಬಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವನಿಗೆ ಹೆಂಡತಿ ಇದ್ದಾಳೆ, ಆಕೆ ಮಾತಾಡುತ್ತಾಳೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬೆಲೆ ಏರಿದ್ದು, ನಲ್ಲಿ ಒಣಗಿದ್ದು, ಪಕ್ಕದ ಮನೆಗೆ ಟಿವಿ ಬಂದದ್ದು, ಎಲ್ಲಕ್ಕೂ ಆಕೆಯ ಬಳಿ ನೇರ ಮಾತಿದೆ. ದೇಶದ ಮಂತ್ರಿಮಂಡಲದ ಎದುರು ಬೆಪ್ಪಾಗಿ ನಿಲ್ಲುವ ಗಂಡನಿಗೆ ಮನೆಯಲ್ಲಿ ಅಷ್ಟು ಧೈರ್ಯದ ಹೆಂಡತಿಯನ್ನು ಕೊಟ್ಟದ್ದು ಲಕ್ಷ್ಮಣರ ದೊಡ್ಡ ಔದಾರ್ಯ. ಇವನು ದೇಶದ ಪ್ರಜೆ ಎನ್ನುವುದು ಆಮೇಲಿನ ಮಾತು. ಮೊದಲು ಇವನು ಸಂಸಾರಸ್ಥ. ರೇಷನ್ ಚೀಲ, ಕೊಡೆ, ಬಸ್ಸಿನ ಸಾಲು ಇವನ ಜಗತ್ತು. 1988ರಲ್ಲಿ ದೂರದರ್ಶನದಲ್ಲಿ ಬಂದ ‘ವಾಗ್ಲೆ ಕಿ ದುನಿಯಾ’ ಧಾರಾವಾಹಿ ಲಕ್ಷ್ಮಣರ ಪಾತ್ರಗಳಿಂದ ಮೂಡಿದ ಇದೇ ಜಗತ್ತಿನದು. ಕುಂದನ್ ಶಾ ನಿರ್ದೇಶಿಸಿದರು. ಅಂಜನ್ ಶ್ರೀವಾಸ್ತವ ಗಂಡ, ಭಾರತಿ ಆಚರೇಕರ್ ಹೆಂಡತಿ. ಮುಂಬಯಿಯ ಒಂದು ಸಣ್ಣ ಮನೆಯ ಸಣ್ಣ ಪೇಚಾಟಗಳಲ್ಲದೆ ಅದರಲ್ಲಿ ಬೇರೇನೂ ಇರಲಿಲ್ಲ. ಡೊಂಬಿವಿಲಿಯಿಂದ ಬೊರಿವಿಲಿಯವರೆಗೆ ಪ್ರತಿ ಮನೆಯೂ ಅದನ್ನು ತನ್ನ ಕಥೆ ಎಂದುಕೊಂಡಿತು.

ಲಕ್ಷ್ಮಣರ ಸ್ವಂತ ಸಂಸಾರದ ಬಗ್ಗೆ ಹೆಚ್ಚು ಹೇಳುವುದು ಸಲ್ಲ. ಲೋಕಕ್ಕೆ ತಿಳಿದಿರುವಷ್ಟನ್ನೇ ಹೇಳುತ್ತೇನೆ. ಮೊದಲ ಮದುವೆ, ಭರತನಾಟ್ಯದ ಪ್ರಸಿದ್ಧ ಕಲಾವಿದೆ ಕುಮಾರಿ ಕಮಲಾ ಅವರ ಜೊತೆ ಆದದ್ದು, ವಿಚ್ಛೇದನದಲ್ಲಿ ಮುಗಿಯಿತು. ಆಮೇಲೆ ಕೈಹಿಡಿದವರ ಹೆಸರೂ ಕಮಲಾ. ಅವರು ಮಕ್ಕಳ ಪುಸ್ತಕಗಳನ್ನು ಬರೆದರು. ಥಾಮ ಎಂಬ ಆನೆಮರಿಯ ಕಥೆಗಳಿಗೆ ಗಂಡನೇ ಚಿತ್ರ ಬರೆದರು. ಒಮ್ಮೆ ‘ಫಿಲ್ಮ್‌ಫೇರ್’ ಪತ್ರಿಕೆಗಾಗಿ ತಾನು ಭೇಟಿಯಾಗದ ತಾರೆಯರ ಚಿತ್ರಮಾಲೆಯೊಂದನ್ನು ಮಾಡುತ್ತಿದ್ದಾಗ, ನಡುವೆ ಹೆಂಡತಿಯ ಚಿತ್ರವನ್ನೂ ಬರೆದು, ತಾನು ಭೇಟಿಯಾದ ತಾರೆ ಇವಳೊಬ್ಬಳೇ ಎಂಬರ್ಥದ ಒಕ್ಕಣೆ ಹಾಕಿಬಿಟ್ಟರು! ಹೆಂಡತಿಯನ್ನು ಹೊಗಳಲು ನಮ್ಮ ಗಂಡಸರಿಗೆ ನಾಲಗೆ ಹೊರಳುವುದಿಲ್ಲ. ಇವರು ಕೆಲಸದ ನಡುವೆ, ಇಡೀ ದೇಶ ನೋಡುವಂತೆ, ಕೀಟಲೆಯ ವೇಷ ಹಾಕಿ ಹೊಗಳಿದರು. ಅವರ ಎಲ್ಲ ಚಿತ್ರಗಳಿಗಿಂತ ನನಗೆ ಇದು ಹೆಚ್ಚು ಪ್ರಿಯ.

ಅಣ್ಣನ ಜೊತೆಗಿನ ಕೆಲಸವೂ ಮೈಸೂರಿಗೆ ಮುಗಿಯಲಿಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ಅಣ್ಣನ ಕಥೆ, ತಮ್ಮನ ಗೆರೆ ಮತ್ತೆ ಒಂದಾದವು. ಮಾಲ್ಗುಡಿ ಎಂಬ ಕಲ್ಪನೆಯ ಊರಿನ ಬೀದಿ, ರೈಲು ನಿಲ್ದಾಣ, ಆಲದ ಮರ ನಮ್ಮ ಕಣ್ಣಿಗೆ ಕಟ್ಟಿರುವುದು ಅರ್ಧ ನಾರಾಯಣರ ಮಾತಿನಿಂದ, ಇನ್ನರ್ಧ ಲಕ್ಷ್ಮಣರ ಕುಂಚದಿಂದ. ಅವರ ಗೆರೆ ಸಿನಿಮಾಕ್ಕೂ ಹೋಯಿತು. ಗುರುದತ್ತರ ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರದ ನಾಯಕ ವ್ಯಂಗ್ಯಚಿತ್ರಕಾರ. ಅದರಲ್ಲಿ ಕಾಣುವ ವ್ಯಂಗ್ಯಚಿತ್ರಗಳು ಲಕ್ಷ್ಮಣರವು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್, ಮೈಸೂರಿನ ಲಕ್ಷ್ಮಣ್, ಸೇರಿದ್ದು ಮುಂಬಯಿಯಲ್ಲಿ.

ಇನ್ನು ಗಟ್ಟು. 1942ರಲ್ಲಿ ಗಿರ್ಗಾಂವಿನ ಒಂದು ಗ್ಯಾರೇಜಿನಲ್ಲಿ ನಾಲ್ವರು ಗೆಳೆಯರು ಆರಂಭಿಸಿದ ಏಷ್ಯನ್ ಪೇಂಟ್ಸ್ ಕಂಪನಿಗೆ 1954ರಲ್ಲಿ ಲಕ್ಷ್ಮಣ್ ಒಬ್ಬ ಹುಡುಗನನ್ನು ಬರೆದುಕೊಟ್ಟರು. ಹಣೆಯ ಮೇಲೆ ಇಳಿದ ಕೂದಲು, ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಬಣ್ಣ ಸುರಿಯುವ ಡಬ್ಬ, ಕಣ್ಣಿನಲ್ಲಿ ಈಗಷ್ಟೇ ಏನೋ ಮಾಡಿ ಬಂದ ಹೊಳಪು. ಹೆಸರಿಡಲು ಸ್ಪರ್ಧೆ ಇಟ್ಟರು, ಬಂದ ಹೆಸರು ಗಟ್ಟು. ಐನೂರು ರೂಪಾಯಿ ಬಹುಮಾನವನ್ನು ಮುಂಬಯಿಯ ಇಬ್ಬರು ಹಂಚಿಕೊಂಡರು. ಬಣ್ಣದ ಡಬ್ಬ ಮಾರಲು ತುಂಟ ಹುಡುಗನನ್ನೇ ಯಾಕೆ ಬರೆದರು? ಮೈಸೂರಿನ ಆ ಮನೆಯ ಗೋಡೆ, ಬಾಗಿಲುಗಳನ್ನು ನೆನೆದರೆ ಉತ್ತರ ಸಿಗುತ್ತದೆ. ಊರೂರಿನ ಗೋಡೆಗಳ ಮೇಲೆ ಸುಮಾರು ಅರ್ಧ ಶತಮಾನ ನಿಂತ ಆ ಹುಡುಗ ಬರೆದವರ ಬಾಲ್ಯದಿಂದಲೇ ಎದ್ದು ಬಂದವನು.

ನಮಗೆ, ಈ ಊರಿನ ಕನ್ನಡಿಗರಿಗೆ, ಅವರ ಬದುಕಿನ ಇನ್ನೊಂದು ಮಗ್ಗುಲು ಮುಖ್ಯ. ಫ್ರೀ ಪ್ರೆಸ್ಸಿನ ಹಳೆಯ ಗೆಳೆಯ ಠಾಕ್ರೆ 1960ರಲ್ಲಿ ‘ಮಾರ್ಮಿಕ್’ ಎಂಬ ಪತ್ರಿಕೆ ತೆರೆದರು, 1966ರಲ್ಲಿ ಶಿವಸೇನೆ ಕಟ್ಟಿದರು. ಆರಂಭದ ವರ್ಷಗಳಲ್ಲಿ ಸೇನೆಯ ಸಿಟ್ಟೆಲ್ಲ ದಕ್ಷಿಣದಿಂದ ಬಂದವರ ಮೇಲೆ. ಉಡುಪಿ ಹೋಟೆಲುಗಳ ಗಾಜು ಒಡೆದ ದಿನಗಳನ್ನು ಕಂಡವರು ಈ ಸಭೆಯಲ್ಲೂ ಇದ್ದಾರೆ. ಆ ದಿನಗಳಲ್ಲಿ ಈ ಊರಿನ ಅತಿ ದೊಡ್ಡ ಇಂಗ್ಲಿಷ್ ಪತ್ರಿಕೆಯ ಮುಖಪುಟದಲ್ಲಿ ಪ್ರತಿ ಬೆಳಗ್ಗೆ ನಿಲ್ಲುತ್ತಿದ್ದ ಹೆಸರು ದಕ್ಷಿಣದವರದು. ಲಕ್ಷ್ಮಣ್ ಆ ಗೆಳೆಯನನ್ನೂ ತಮ್ಮ ಚಿತ್ರಗಳಲ್ಲಿ ಬಿಡಲಿಲ್ಲ. ಗೆಳೆತನವನ್ನೂ ಬಿಡಲಿಲ್ಲ. ಶ್ರೀಸಾಮಾನ್ಯನಿಗೆ ಅವರು ಜಾತಿ ಬರೆಯಲಿಲ್ಲ, ಪ್ರಾಂತ ಬರೆಯಲಿಲ್ಲ. ಮರಾಠಿಯವರು ಅವನನ್ನು ತಮ್ಮವನೆಂದರು, ನಾವು ನಮ್ಮವನೆಂದೆವು. ಹೊರಗಿನವರು ಎಂದು ಗದರಿಸಿಕೊಂಡ ಕಾಲದಲ್ಲಿ ಈ ನಗರದ ಮುಖವನ್ನು ಬರೆದುಕೊಟ್ಟವರೇ ಹೊರಗಿನಿಂದ ಬಂದ ಒಬ್ಬರು ಎಂಬುದು ನನಗೆ ಇಂದಿಗೂ ಬಲ ಕೊಡುವ ಸಂಗತಿ.

ಪ್ರಶಸ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ: 1984ರಲ್ಲಿ ಮ್ಯಾಗ್ಸೆಸೆ, 2005ರಲ್ಲಿ ಪದ್ಮವಿಭೂಷಣ. 1988ರಲ್ಲಿ ಶ್ರೀಸಾಮಾನ್ಯ ಅಂಚೆಚೀಟಿಯ ಮೇಲೆ ಬಂದ. ಆಮೇಲೆ ಪುಣೆಯ ಸಿಂಬಯಾಸಿಸ್ ಸಂಸ್ಥೆಯಲ್ಲಿ, ನಮ್ಮ ವರಳಿಯ ಸಮುದ್ರದಂಡೆಯಲ್ಲಿ ಪ್ರತಿಮೆಯಾದ. ನಮ್ಮ ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ಏರ್ ಡೆಕ್ಕನ್ ಆರಂಭಿಸಿದಾಗ ಅವನನ್ನೇ ತಮ್ಮ ಗುರುತಾಗಿ ಆರಿಸಿಕೊಂಡರು. ಬಸ್ಸಿಗೆ ಕಾಯುತ್ತಿದ್ದವನಿಗೆ ವಿಮಾನ ಹತ್ತುವ ಯೋಗ ಬಂತು.

2003ರಲ್ಲಿ ಲಕ್ಷ್ಮಣರಿಗೆ ಪಾರ್ಶ್ವವಾಯು ಬಡಿಯಿತು. ತಂದೆಯನ್ನು ಕೊಂಡೊಯ್ದ ರೋಗವೇ. ಎಡಭಾಗ ಹೋಯಿತು, ಬರೆಯುವ ಕೈ ಉಳಿಯಿತು. ಎಂಬತ್ತೆರಡರ ಹೊಸ್ತಿಲಲ್ಲಿದ್ದರು, ಸಾಕು ಎಂದು ಸುಮ್ಮನಾಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮತ್ತೆ ಕುಂಚ ಹಿಡಿದರು. ಚಿಕ್ಕಂದಿನಿಂದ ಅವರಿಗೆ ಅಚ್ಚುಮೆಚ್ಚಾಗಿದ್ದದ್ದು ಕಾಗೆ. ಎಲ್ಲರೂ ಓಡಿಸುವ ಆ ಹಕ್ಕಿಯ ಚುರುಕು, ಕಳ್ಳನೋಟ, ಎಲ್ಲಿ ಬೇಕಾದರೂ ಬದುಕಿಕೊಳ್ಳುವ ಗಟ್ಟಿತನ ಅವರನ್ನು ಬಿಡಲೇ ಇಲ್ಲ. ಅವರ ಕಾಗೆಗಳನ್ನು ಸಾಲಾಗಿಟ್ಟು ನೋಡಿದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಭಾವ: ಒಂದು ಜಗಳಗಂಟಿ, ಒಂದು ಸೋಮಾರಿ, ಒಂದು ಮನೆಯ ಯಜಮಾನ.

ಇಲ್ಲಿ ಒಂದು ಹಳೆಯ ಚಿತ್ರ ನೆನಪಾಗುತ್ತದೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಕಾಲಕ್ಕೆ ಅವರು ಬರೆದ ಒಂದು ಚಿತ್ರವನ್ನು ಹಿರಿಯರು ಮರೆತಿರಲಾರರು. ಚಂದ್ರನಲ್ಲಿಗೆ ಕಳಿಸಲು ತಕ್ಕ ಮನುಷ್ಯನನ್ನು ವಿಜ್ಞಾನಿಗಳು ಹುಡುಕುತ್ತಾರೆ. ಅನ್ನ, ನೀರು, ಬೆಳಕು, ಗಾಳಿ, ಸೂರು ಯಾವುದೂ ಇಲ್ಲದೆ ಬದುಕಬಲ್ಲವನು ಸಿಕ್ಕನೆಂದು ಹಿಗ್ಗುತ್ತಾರೆ, ಸಿಕ್ಕವನು ಶ್ರೀಸಾಮಾನ್ಯ. ನಕ್ಕ ಮೇಲೆ ಗಂಟಲು ಕಟ್ಟುವ ಚಿತ್ರ ಅದು. ಹಸಿದವನ ಪರವಾಗಿ ಅಷ್ಟು ಸಿಟ್ಟನ್ನು ಇಟ್ಟುಕೊಂಡೂ ಅವರು ಅದನ್ನು ಬೈಗುಳವಾಗಿ ಬರೆಯಲಿಲ್ಲ.

2014ರ ಸೆಪ್ಟೆಂಬರಿನಲ್ಲಿ ನಮ್ಮ ಮಂಗಳಯಾನ ಕಕ್ಷೆ ಸೇರಿತು. ಲಕ್ಷ್ಮಣರಿಗೆ ಆಗ ತೊಂಬತ್ತಮೂರು ತುಂಬುತ್ತಿತ್ತು, ದೇಹ ಬಹಳ ಸೋತಿತ್ತು. ಆದರೂ ಇಸ್ರೋದವರಿಗಾಗಿ ಒಂದು ಚಿತ್ರ ಬರೆದರು. ಮುಂದಿನ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ಪುಣೆಯಲ್ಲಿ ತೀರಿಕೊಂಡರು. ತಮ್ಮ ಶ್ರೀಸಾಮಾನ್ಯನ ಪ್ರತಿಮೆಯ ಬಳಿ ಅವರ ದೇಹವನ್ನು ಜನರ ದರ್ಶನಕ್ಕೆ ಇಟ್ಟರು. ಆ ಕೊನೆಯ ದಿನಗಳ ಚಿತ್ರದಲ್ಲಿ ಅವರು ತಮ್ಮ ಸಂಸಾರಸ್ಥನನ್ನು, ಅದೇ ಧೋತಿ, ಅದೇ ಚೌಕಳಿ ಕೋಟಿನಲ್ಲಿ, ಮಂಗಳ ಗ್ರಹಕ್ಕೆ ಕರೆದೊಯ್ದಿದ್ದರು.